ಮನೆಯಲ್ಲಿ ದೊಡ್ಡ ಕಷ್ಟ ಏನಿಲ್ಲ, ಆದರೂ ಸಂಜೆಯಾದರೆ ರೇಗುತ್ತೇನೆ. ಯಾಕೆ?

ಪ್ರಶ್ನೆ: ನನಗೆ 41 ವರ್ಷ. ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ 5ಕ್ಕೆ ಏಳುತ್ತೇನೆ. ತಿಂಡಿ, ನಾಲ್ಕು ಡಬ್ಬಿ, ಅತ್ತೆಯ ಶುಗರ್ ಮಾತ್ರೆ ಎಲ್ಲ ಮುಗಿಸಿ 8 ಗಂಟೆ ಬಸ್ಸು ಹಿಡಿಯಬೇಕು. ಶಾಲೆಯಲ್ಲಿ ಪಾಠದ ಜೊತೆ ಬಿಸಿಯೂಟ, ಮೊಟ್ಟೆ ಲೆಕ್ಕ, ಮಕ್ಕಳ ವಿವರವನ್ನು ಆನ್‌ಲೈನಿನಲ್ಲಿ ತುಂಬುವ ಸ್ಯಾಟ್ಸ್ ಎಂಟ್ರಿ, 'ಇವತ್ತೇ ಕಳಿಸಿ' ಅಂತ ವಾಟ್ಸಾಪ್‌ನಲ್ಲಿ ಕೇಳುವ ಮಾಹಿತಿ. ಸಂಜೆ ಮನೆಗೆ ಬಂದರೆ ಸಣ್ಣ ವಿಷಯಕ್ಕೂ ಮಕ್ಕಳ ಮೇಲೆ ಕೂಗಾಡುತ್ತೇನೆ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಕತ್ತು ಬಿಗಿ, ತಲೆನೋವು, ಮೇಲಿಂದ ಮೇಲೆ ನೆಗಡಿ. ರಾತ್ರಿ 3 ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಸಾಲ ಇಲ್ಲ, ಗಂಡ ಒಳ್ಳೆಯವರು, ದೊಡ್ಡ ಕಷ್ಟ ಅಂತ ಏನೂ ಇಲ್ಲ. ಹೇಳಿಕೊಳ್ಳೋಕೂ ನಾಚಿಕೆ. ಎಲ್ಲರೂ 'ಯೋಗ ಮಾಡು, ಜಾಸ್ತಿ ಯೋಚನೆ ಮಾಡಬೇಡ' ಅನ್ನುತ್ತಾರೆ. ಇದು ಕಾಯಿಲೆಯೇ? ಮಾತ್ರೆ ಬೇಕಾ?

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ನೀವು ಬರೆದಿರುವಷ್ಟನ್ನು ನೋಡಿದರೆ ಇದು ಮಾನಸಿಕ ಕಾಯಿಲೆ ಅನ್ನಿಸುವುದಿಲ್ಲ. ದಿನನಿತ್ಯದ ಒತ್ತಡ ಮೈಯಲ್ಲಿ ಮನೆ ಮಾಡಿಕೊಂಡಿದೆ. ಆದರೆ ಕಾಯಿಲೆ ಅಲ್ಲ ಅಂದ ಮಾತ್ರಕ್ಕೆ ಸುಮ್ನೆ ಬಿಟ್ಟುಬಿಡುವಂಥದ್ದೂ ಅಲ್ಲ ಇದು. ನಾಚಿಕೆಪಡುವಂಥದ್ದಂತೂ ಅಲ್ಲವೇ ಅಲ್ಲ.

ಮುಂದಿನದನ್ನು ಹೇಳುವ ಮೊದಲು ಒಂದು ಕೆಲಸ. ಈ ವಾರವೇ ಡಾಕ್ಟರ ಹತ್ತಿರ ಹೋಗಿ ಬಿಪಿ ನೋಡಿಸಿ. ರಕ್ತ ಕೊಟ್ಟು ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿ12 ಪರೀಕ್ಷೆ ಮಾಡಿಸಿ. ಸುಸ್ತು, ಸಿಡುಕು, ನಿದ್ದೆಗೇಡು ಇವೆಲ್ಲ ರಕ್ತಹೀನತೆಯಿಂದಲೂ ಬರುತ್ತವೆ, ಥೈರಾಯ್ಡ್ ಏರುಪೇರಿನಿಂದಲೂ ಬರುತ್ತವೆ. ನಲವತ್ತು ದಾಟಿದ ಮೇಲೆ ಮುಟ್ಟಿನ ಲೆಕ್ಕ ತಪ್ಪಲು ಶುರುವಾದರೆ ಆಗಲೂ ನಡುರಾತ್ರಿ ಎಚ್ಚರವಾಗುವುದುಂಟು. ಅದನ್ನೂ ಡಾಕ್ಟರಿಗೆ ಸಂಕೋಚವಿಲ್ಲದೆ ಹೇಳಿ. ನಮ್ಮ ಹೆಂಗಸರು ವರ್ಷಗಟ್ಟಲೆ ರಕ್ತ ಕಡಿಮೆ ಇಟ್ಟುಕೊಂಡು 'ನಂಗೆ ಟೆನ್ಷನ್ ಜಾಸ್ತಿ' ಅಂದುಕೊಂಡೇ ಓಡಾಡುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಈಗ 'ದೊಡ್ಡ ಕಷ್ಟ ಅಂತ ಏನೂ ಇಲ್ಲ' ಅನ್ನುವ ಮಾತಿಗೆ ಬರೋಣ. ನಿಮ್ಮ ಗೊಂದಲದ ಬೇರು ಅಲ್ಲೇ ಇದೆ. ಒತ್ತಡ ಅಂದರೆ ಸಾವು, ಸಾಲ, ವಿಚ್ಛೇದನ, ಕೆಲಸ ಹೋಗುವುದು ಇಂಥವುಗಳಿಂದ ಬರುವುದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಸಂಶೋಧಕರೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದರು. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಅಮೆರಿಕದ ಇಬ್ಬರು ಮನೋವೈದ್ಯರು ಬದುಕಿನ 43 ಘಟನೆಗಳ ಪಟ್ಟಿ ಮಾಡಿ ಒಂದೊಂದಕ್ಕೂ ಅಂಕ ಕೊಟ್ಟರು. ಗಂಡನೋ ಹೆಂಡತಿಯೋ ತೀರಿಕೊಂಡರೆ 100, ಮದುವೆಗೆ 50, ಹೀಗೆ. ಆ ಪಟ್ಟಿ ಹಿಡಿದು ನಿಮ್ಮ ಈ ವರ್ಷವನ್ನು ಲೆಕ್ಕ ಹಾಕಿದರೆ ಅಂಕ ಬಹಳ ಕಡಿಮೆ ಬರುತ್ತದೆ. ನೀವು ಆರಾಮಾಗಿರಬೇಕು ಅಂತ ಆ ಪಟ್ಟಿ ಹೇಳುತ್ತದೆ.

1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ಲಜಾರಸ್ ಅವರ ತಂಡ ಬೇರೆ ದಾರಿ ಹಿಡಿಯಿತು. ಮಧ್ಯವಯಸ್ಸಿನ 100 ಜನರನ್ನು ಅವರು 10 ತಿಂಗಳು ಗಮನಿಸಿದರು. ದೊಡ್ಡ ಘಟನೆಗಳ ಜೊತೆಗೆ ದಿನದಿನದ ಕಿರಿಕಿರಿಗಳನ್ನೂ ಬರೆಸಿಕೊಂಡರು. ಎಲ್ಲೋ ಇಟ್ಟು ಮರೆತದ್ದು, ಮುಗಿಯದಷ್ಟು ಕೆಲಸ, ಬೆಲೆ ಏರಿಕೆ, ಮೈ ತೂಕದ ಚಿಂತೆ ಇಂಥವು. ಆ ಜನರ ಮಾನಸಿಕ ತೊಂದರೆಗಳ ಸುಳಿವು ದೊಡ್ಡ ಘಟನೆಗಳಿಗಿಂತ ಈ ಸಣ್ಣ ಕಿರಿಕಿರಿಗಳಲ್ಲೇ ಹೆಚ್ಚಾಗಿ ಸಿಕ್ಕಿತು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಮನೆಯಲ್ಲಿ ಸಾವಾದರೆ ನೆಂಟರು ಬರುತ್ತಾರೆ, ರಜೆ ಸಿಗುತ್ತದೆ, ಅಡಿಗೆ ಬೇರೆಯವರು ಮಾಡುತ್ತಾರೆ. ಮೊಟ್ಟೆ ಲೆಕ್ಕ ತಾಳೆಯಾಗದಿದ್ದರೆ ಯಾರೂ ಬರುವುದಿಲ್ಲ. ನೀವೇ ಕೂತು ಸರಿಮಾಡಬೇಕು, ಅಷ್ಟರಲ್ಲಿ ಮೂರನೇ ತರಗತಿಯಲ್ಲಿ ಗಲಾಟೆ ಶುರುವಾಗಿರುತ್ತದೆ.

ಮೈಯೊಳಗೆ ಏನಾಗುತ್ತದೆ ಅಂತ ತಿಳಿದುಕೊಂಡರೆ ನಿಮ್ಮ ಮೇಲೆ ನಿಮಗಿರುವ ಸಿಟ್ಟು ಸ್ವಲ್ಪ ಕಡಿಮೆಯಾದೀತು. ಫೋನು ಟಿಂಗ್ ಅಂದಿತು, 'ಮಧ್ಯಾಹ್ನ 2ರೊಳಗೆ ಕಳಿಸಿ, ತಪ್ಪಿದಲ್ಲಿ ನೀವೇ ಹೊಣೆ' ಅಂತ ಸಂದೇಶ. ಅದನ್ನು ಓದಿದ ಕ್ಷಣದಲ್ಲೇ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆಬಡಿತ ಜೋರಾಗುತ್ತದೆ, ಭುಜ ಮತ್ತು ಕತ್ತಿನ ಸ್ನಾಯು ಬಿಗಿಯುತ್ತವೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಕೆಲವು ನಿಮಿಷದ ನಂತರ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತದಲ್ಲಿ ಏರಿ, ಈ ತಯಾರಿಗೆ ಬೇಕಾದ ಸಕ್ಕರೆಯನ್ನು ಒದಗಿಸುತ್ತದೆ. ಇದೆಲ್ಲ ಒಳ್ಳೆಯದಕ್ಕೇ ಇರುವ ಏರ್ಪಾಡು. ನಾಯಿ ಅಟ್ಟಿಸಿಕೊಂಡು ಬಂದರೆ ಇದೇ ನಿಮ್ಮನ್ನು ಓಡಿಸುತ್ತದೆ. ಓಡಿ ಪಾರಾದ ಮೇಲೆ ಎಲ್ಲ ತನ್ನಷ್ಟಕ್ಕೇ ಇಳಿಯುತ್ತದೆ.

ತೊಂದರೆ ಇರುವುದು ಇಳಿಯುವುದರಲ್ಲಿ. ನಿಮ್ಮ ದಿನದಲ್ಲಿ ಅದಕ್ಕೆ ಜಾಗವೇ ಇಲ್ಲ. ಡಬ್ಬಿಯ ಗಡಿಬಿಡಿ ಇಳಿಯುವ ಮೊದಲು ಬಸ್ಸಿನ ಗಡಿಬಿಡಿ. ಅದು ಇಳಿಯುವ ಮೊದಲು ಪ್ರಾರ್ಥನೆಯ ಗಂಟೆ, ಅಡಿಗೆಯವರು ಬಂದಿಲ್ಲ ಅನ್ನುವ ಸುದ್ದಿ, ಸರ್ವರ್ ಡೌನ್, ಪೋಷಕರ ಫೋನು. ತೊಟ್ಟಿ ತುಂಬಿದ ಮೇಲೂ ಮೋಟರ್ ಆಫ್ ಮಾಡದೆ ಬಿಟ್ಟ ಹಾಗೆ ಆಗಿದೆ ನಿಮ್ಮ ಮೈ. ಹೀಗೆ ಆಫ್ ಆಗದೆ ಉಳಿದ ಒತ್ತಡದಿಂದ ಆಗುವ ಸವೆತವನ್ನು ಬ್ರೂಸ್ ಮೆಕ್ಯುಎನ್ ಎಂಬ ನರವಿಜ್ಞಾನಿ ಬಹಳ ವರ್ಷ ಅಭ್ಯಾಸ ಮಾಡಿದರು. ಬಿಪಿ, ಹೊಟ್ಟೆಯ ಸುತ್ತ ಬೊಜ್ಜು, ನಿದ್ದೆ, ನೆನಪಿನ ಶಕ್ತಿ ಎಲ್ಲದರ ಮೇಲೂ ಅದು ಪರಿಣಾಮ ಮಾಡುತ್ತದೆ. ನಿಮ್ಮ ನೆಗಡಿಗೂ ಇದಕ್ಕೂ ನಂಟಿದೆ. 1991ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಪ್ರಯೋಗದಲ್ಲಿ ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ಸನ್ನೇ ಹನಿಹನಿಯಾಗಿ ಹಾಕಿದರು. ಒತ್ತಡ ಜಾಸ್ತಿ ಇದ್ದವರಿಗೆ ಸೋಂಕೂ ಜಾಸ್ತಿ, ನೆಗಡಿಯೂ ಜಾಸ್ತಿ ಆಯಿತು. ಮಕ್ಕಳ ನಡುವೆ ಇರುವ ನಿಮಗೆ ವೈರಸ್ಸಿಗಂತೂ ಬರ ಇಲ್ಲ.

ಹಾಗಾಗಿ ನಾನು ಹೇಳಬೇಕಾದ್ದು ಒಂದೇ. ಒತ್ತಡವೇ ಇಲ್ಲದ ಬದುಕನ್ನು ಹುಡುಕಬೇಡಿ. ಎರಡು ಒತ್ತಡಗಳ ನಡುವೆ ಬಿಡುವನ್ನು ಹುಡುಕಿ, ಮತ್ತು ಹೊರೆಯಲ್ಲಿ ಒಂದಷ್ಟನ್ನು ಬೇರೆಯವರ ಹೆಗಲಿಗೆ ದಾಟಿಸಿ. ಮೊದಲನೆಯದು ನಿಮ್ಮ ಕೈಯಲ್ಲಿದೆ. ಎರಡನೆಯದಕ್ಕೆ ಮನೆಯವರೂ ಬೇಕು.

'ಯೋಗ ಮಾಡು' ಅನ್ನುವವರ ಬಗ್ಗೆ ಒಂದು ಮಾತು. ಯೋಗ ಒಳ್ಳೆಯದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ 5ಕ್ಕೆ ಏಳುವವರು ಯೋಗಕ್ಕೆಂದು 4:15ಕ್ಕೆ ಏಳುವುದು ಬೇಡ. ನೀವು 11ಕ್ಕೆ ಮಲಗಿದರೂ ಹಾಸಿಗೆಯಲ್ಲಿರುವುದೇ 6 ಗಂಟೆ. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಆ ನಿದ್ದೆಯನ್ನೇ ಕತ್ತರಿಸಿ ಆಸನ ಹಾಕಿದರೆ ಬಂದ ಲಾಭಕ್ಕಿಂತ ಹೋದ ನಷ್ಟವೇ ಜಾಸ್ತಿ. 'ಇವತ್ತೂ ಯೋಗ ಮಾಡಲಿಲ್ಲ' ಅನ್ನುವ ಕೊರಗು ಬೇರೆ ಸೇರಿಕೊಳ್ಳುತ್ತದೆ.

ಅದರ ಬದಲು ಬಸ್ಸಿನಲ್ಲಿ ಕೂತಲ್ಲೇ ಮಾಡುವಂಥದ್ದು ಹೇಳುತ್ತೇನೆ. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಇನ್ನೂ ನಿಧಾನವಾಗಿ ಬಿಡಿ. ಗಮನವಿಟ್ಟರೆ ಗೊತ್ತಾಗುತ್ತದೆ, ಉಸಿರು ಒಳಗೆ ಹೋಗುವಾಗ ನಾಡಿ ಚೂರು ಬೇಗ ಬಡಿಯುತ್ತದೆ, ಹೊರಗೆ ಬರುವಾಗ ಬಡಿತದ ನಡುವಿನ ಅಂತರ ಚೂರು ಹೆಚ್ಚುತ್ತದೆ. ಮಿದುಳಿನಿಂದ ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರ, ಉಸಿರು ಬಿಡುವಾಗ ಹೃದಯವನ್ನು ನಿಧಾನ ಮಾಡುತ್ತದೆ. ಎದೆಬಡಿತಕ್ಕೆ 'ನಿಧಾನವಾಗು' ಅಂತ ನೇರವಾಗಿ ಹೇಳಲು ನಮಗೆ ಬರುವುದಿಲ್ಲ. ಉಸಿರಿನ ಮೂಲಕ ಹೇಳಬಹುದು. 4 ಎಣಿಸುವಷ್ಟು ಹೊತ್ತು ಮೂಗಿನಿಂದ ಎಳೆದುಕೊಳ್ಳಿ, 6 ಎಣಿಸುವಷ್ಟು ಹೊತ್ತು ಬಿಡಿ. ಎಲ್ಲೂ ಉಸಿರು ಬಿಗಿಹಿಡಿಯಬೇಡಿ. ನಿಮಿಷಕ್ಕೆ ಸುಮಾರು 6 ಉಸಿರು ಆಗುತ್ತದೆ. 5 ನಿಮಿಷ ಸಾಕು. ಕಣ್ಣು ಮುಚ್ಚಬೇಕಾಗಿಲ್ಲ, ಪದ್ಮಾಸನ ಬೇಕಾಗಿಲ್ಲ, ಪಕ್ಕದಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ. ತಲೆ ಹಗುರವಾದ ಹಾಗೆ ಅನ್ನಿಸಿದರೆ ಆಳ ಕಡಿಮೆ ಮಾಡಿ, ಮಾಮೂಲಿ ಉಸಿರನ್ನೇ ನಿಧಾನವಾಗಿ ಆಡಿ.

ಸಂಜೆ ಬರುವ ಬಸ್ಸಿನಲ್ಲಿ ಇದನ್ನು ಮಾಡುವುದು ಹೆಚ್ಚು ಮುಖ್ಯ. ಯಾಕೆಂದರೆ ನಿಮ್ಮ ಮಕ್ಕಳು ಎದುರಿಸುತ್ತಿರುವುದು ಮನೆಯ ಅಮ್ಮನನ್ನಲ್ಲ, ಶಾಲೆಯಿಂದ ಇನ್ನೂ ಇಳಿಯದ ಟೀಚರನ್ನು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ 'ಓದಿದ್ಯಾ? ಡಬ್ಬಿ ಯಾಕೆ ತೊಳೆದಿಲ್ಲ?' ಅಂತ ಶುರುವಾಗುತ್ತದೆ ಅಲ್ವಾ? ಮನೆಗೆ ಬಂದ ಮೊದಲ 15 ನಿಮಿಷ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ ಅಂತ ನಿಮಗೆ ನೀವೇ ಒಂದು ನಿಯಮ ಹಾಕಿಕೊಳ್ಳಿ. ಮಕ್ಕಳಿಗೂ ಹೇಳಿ: 'ಅಮ್ಮ ಕೈಕಾಲು ತೊಳೆದು ಒಂದು ಕಡೆ ಕೂತ್ಕೊಳ್ತಾಳೆ, ಆಮೇಲೆ ಮಾತಾಡೋಣ.' ಅತ್ತೆಯವರಿಗೆ ಇದು ಮೊದಲು ವಿಚಿತ್ರ ಅನ್ನಿಸಬಹುದು. ಒಂದು ವಾರದಲ್ಲಿ ಒಗ್ಗಿಹೋಗುತ್ತದೆ.

ಕಾಫಿ ವಿಷಯ ನೀವು ಬರೆದಿಲ್ಲ. ಆದರೆ ಹಾಸನದವರಿಗೆ ಕಾಫಿ ಬಗ್ಗೆ ಕೇಳದೆ ಇರೋಕಾಗಲ್ಲ! ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಯ ನಂತರವೂ ರಕ್ತದಲ್ಲಿ ಉಳಿದಿರುತ್ತದೆ. ಸಂಜೆ 6ಕ್ಕೆ ಒಂದು ಲೋಟ ಸ್ಟ್ರಾಂಗ್ ಕುಡಿದರೆ 11ಕ್ಕೆ ಮಲಗುವಾಗ ಅರ್ಧ ಲೋಟ ಒಳಗೇ ಇದೆ ಅಂತ ಲೆಕ್ಕ. ಬೆಳಗಿನ ಕಾಫಿ ಬಿಡಬೇಡಿ. ಮಧ್ಯಾಹ್ನದ ನಂತರದ್ದನ್ನು ಮಾತ್ರ ಬಿಟ್ಟು ನೋಡಿ.

ಇನ್ನು ರಾತ್ರಿ 3 ಗಂಟೆಯ ಎಚ್ಚರ. ಗಾಢ ನಿದ್ದೆ ಬಹುಪಾಲು ರಾತ್ರಿಯ ಮೊದಲ ಅರ್ಧದಲ್ಲೇ ಮುಗಿದಿರುತ್ತದೆ. ನಡುರಾತ್ರಿಯ ಸುಮಾರಿಗೆ ತಳದಲ್ಲಿರುವ ಕಾರ್ಟಿಸಾಲ್, ಬೆಳಗಿನ ಜಾವಕ್ಕೆ ಮೈಯನ್ನು ಎಬ್ಬಿಸಲು ನಿಧಾನವಾಗಿ ಏರತೊಡಗುತ್ತದೆ. ಆ ಹೊತ್ತಿಗೆ ನಿದ್ದೆ ತೆಳು. ಎಲ್ಲರಿಗೂ ಆಗ ಚೂರುಪಾರು ಎಚ್ಚರವಾಗುತ್ತದೆ, ಮಗ್ಗುಲಾಗಿ ಮತ್ತೆ ಮಲಗುತ್ತಾರೆ. ತಲೆಯಲ್ಲಿ ಮುಗಿಯದ ಪಟ್ಟಿ ಇದ್ದವರು ಮಾತ್ರ ಅಲ್ಲೇ ಸಿಕ್ಕಿಬೀಳುತ್ತಾರೆ. ಗಡಿಯಾರ ನೋಡಬೇಡಿ. ಫೋನು ಮುಟ್ಟಲೇಬೇಡಿ, ರಾತ್ರಿ ಅದನ್ನು ನಡುಮನೆಯಲ್ಲೇ ಚಾರ್ಜಿಗೆ ಹಾಕಿ. ಎಷ್ಟು ಹೊರಳಾಡಿದರೂ ನಿದ್ದೆ ಬರುತ್ತಿಲ್ಲ ಅನ್ನಿಸಿದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕೂತು, ಕಣ್ಣೆಳೆದಾಗ ಮತ್ತೆ ಹೋಗಿ ಮಲಗಿ. ಎದ್ದಿದ್ದೇನೆ ಅಂತ ಮಾತ್ರ ದೋಸೆ ಹಿಟ್ಟು ರುಬ್ಬಲು ಹೋಗಬೇಡಿ.

ಆ ಹೊತ್ತಿನ ಚಿಂತೆಗೆ ನಿಜವಾದ ಮದ್ದು ಸಂಜೆಯೇ ಸಿಗುತ್ತದೆ. ಥಾಮಸ್ ಬೋರ್ಕೊವೆಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು 1983ರಲ್ಲಿ ಒಂದು ವಿಧಾನ ಹೇಳಿದರು. ಚಿಂತೆ ಮಾಡಬೇಡ ಅನ್ನುವ ಬದಲು, ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂತು, ಅರ್ಧ ಗಂಟೆ ಚಿಂತೆ ಮಾಡು ಅಂದರು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ 'ಅದಕ್ಕೆ ಹೊತ್ತಿದೆ' ಅಂತ ಮುಂದಕ್ಕೆ ಹಾಕಬೇಕು. ನಾನು ಇದನ್ನು ಬಹಳ ಜನರಿಗೆ ಹೇಳಿದ್ದೇನೆ, 15 ನಿಮಿಷಕ್ಕೆ ಇಳಿಸಿ ಕೊಡುತ್ತೇನೆ. ರಾತ್ರಿ ಅಡಿಗೆಗೆ ಮುಂಚೆ ಒಂದು ನೋಟ್‌ಬುಕ್ ಹಿಡಿದು ಕೂರಿ. ಮನಸ್ಸಿನಲ್ಲಿರುವುದನ್ನೆಲ್ಲ ಬರೆಯಿರಿ. 'ಮಗಳಿಗೆ ಗಣಿತದಲ್ಲಿ ಏನಾಗುತ್ತೋ' ಅಂತ ಬರೆದರೆ ಅದರ ಎದುರಿಗೆ ನೀವು ಮಾಡಬಹುದಾದ ಒಂದೇ ಒಂದು ಕೆಲಸ ಬರೆಯಿರಿ: 'ಭಾನುವಾರ ಹಳೇ ಪ್ರಶ್ನೆಪತ್ರಿಕೆ ಒಂದು ಬಿಡಿಸಲಿ, ನಾನು ಪಕ್ಕದಲ್ಲಿ ಕೂರುತ್ತೇನೆ.' ಮಾಡುವಂಥದ್ದು ಏನೂ ಇಲ್ಲ ಅಂದರೆ ಒಂದು ಗೆರೆ ಎಳೆದು ಬಿಡಿ. ಮೊದಮೊದಲು ಕೃತಕ ಅನ್ನಿಸುತ್ತದೆ. ಎರಡು ಮೂರು ವಾರ ಬಿಡದೆ ಮಾಡಿದರೆ ಮನಸ್ಸಿಗೆ ಆ ಹೊತ್ತು ರೂಢಿಯಾಗುತ್ತದೆ.

ಶಾಲೆಯ ಕೆಲಸ ಕಡಿಮೆ ಮಾಡಲು ನನ್ನಿಂದ ಆಗುವುದಿಲ್ಲ, ನಿಮ್ಮಿಂದಲೂ ಆಗಲಿಕ್ಕಿಲ್ಲ. ಪಾಠ ಹೇಳಬೇಕಾದವರ ಮೇಲೆ ಇಷ್ಟೊಂದು ಲೆಕ್ಕಪತ್ರ ಹೇರುವುದು ತಪ್ಪು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಅದನ್ನು ಉಸಿರಾಟದಿಂದ ಸರಿಮಾಡಲು ಬರುವುದಿಲ್ಲ. ಆದರೆ ಒಂದು ವಿಷಯ ಗಮನಿಸಿ. ಕೆಲಸ ಎಷ್ಟಿದೆ ಅನ್ನುವುದಕ್ಕಿಂತ, ಯಾವಾಗ ಬಂದು ಮೇಲೆ ಬೀಳುತ್ತದೋ ಗೊತ್ತಿಲ್ಲ ಅನ್ನುವುದೇ ಮೈಯನ್ನು ಹೆಚ್ಚು ಹಣಿಯುತ್ತದೆ. ನಿಮ್ಮ ಎಷ್ಟು ವಾಟ್ಸಾಪ್ ಗ್ರೂಪುಗಳಲ್ಲಿ ನಿಜವಾಗಿ ಆದೇಶ ಬರುತ್ತದೆ? ಒಂದೋ ಎರಡೋ ಇರಬಹುದು. ಅವನ್ನು ಬಿಟ್ಟು ಉಳಿದ ಎಲ್ಲವನ್ನೂ ಮ್ಯೂಟ್ ಮಾಡಿ. ಬೆಳಿಗ್ಗೆ ಶಾಲೆಗೆ ಬಂದ ಮೇಲೆ, ಊಟದ ಬಿಡುವಿನಲ್ಲಿ, ಸಂಜೆ ಹೊರಡುವ ಮೊದಲು, ಹೀಗೆ ಮೂರು ಸಲ ನೋಡಿ. ನಿಜವಾಗಿ ತುರ್ತಿದ್ದರೆ ಫೋನು ಮಾಡಿಯೇ ಮಾಡುತ್ತಾರೆ. ಸಹೋದ್ಯೋಗಿಗಳು ಇದ್ದರೆ ವಾರದ ಸರದಿ ಹಾಕಿಕೊಳ್ಳಿ. ಈ ವಾರ ಮೊಟ್ಟೆ, ಹಾಲಿನ ಲೆಕ್ಕ ಒಬ್ಬರದು, ಎಂಟ್ರಿ ಇನ್ನೊಬ್ಬರದು. ಎಲ್ಲರೂ ಎಲ್ಲವನ್ನೂ ತಲೆಯಲ್ಲಿಟ್ಟುಕೊಳ್ಳುವುದು ಬೇಡ.

ಇದೇ ಮಾತು ಮನೆಗೂ ಅನ್ವಯಿಸುತ್ತದೆ, ಅಲ್ಲಿ ಇನ್ನೂ ಜಾಸ್ತಿ ಅನ್ವಯಿಸುತ್ತದೆ. ನಿಮ್ಮ ಗಂಡ ಒಳ್ಳೆಯವರು ಅಂತ ಬರೆದಿದ್ದೀರಿ, ನಂಬುತ್ತೇನೆ. 'ಏನು ಮಾಡ್ಬೇಕು ಹೇಳು, ಮಾಡ್ತೀನಿ' ಅನ್ನುವವರೇ ಇರಬೇಕು. ಆದರೆ ಏನು ಮಾಡಬೇಕು ಅಂತ ನೆನಪಿಟ್ಟು ಹೇಳುವುದೇ ದೊಡ್ಡ ಕೆಲಸ. ಅತ್ತೆಯವರ ಮಾತ್ರೆಯನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಕೈಗೆ ಕೊಡುವುದು ಒಂದು ನಿಮಿಷದ ಕೆಲಸ. ಸ್ಟ್ರಿಪ್ಪಿನಲ್ಲಿ ಇನ್ನು ನಾಲ್ಕೇ ಮಾತ್ರೆ ಉಳಿದಿದೆ ಅಂತ ಗಮನಿಸುವುದು, ಚೀಟಿ ಹುಡುಕುವುದು, ಮೆಡಿಕಲ್ ಸ್ಟೋರಿನಲ್ಲಿ ಆ ಕಂಪನಿಯದ್ದು ಇಲ್ಲ ಅಂದರೆ ಡಾಕ್ಟರಿಗೆ ಕೇಳುವುದು, ಮೂರು ತಿಂಗಳ ಶುಗರ್ ಟೆಸ್ಟು ಯಾವಾಗ ಅಂತ ನೆನಪಿಡುವುದು, ಇದೆಲ್ಲ ದಿನವಿಡೀ ನಿಮ್ಮ ತಲೆಯ ಹಿಂದೆ ಓಡುತ್ತಿರುತ್ತದೆ. ಆದ್ದರಿಂದ ಸಹಾಯ ಕೇಳಬೇಡಿ. ಕೆಲಸವನ್ನೇ ಪೂರ್ತಿ ಕೊಟ್ಟುಬಿಡಿ. 'ಅಮ್ಮನ ಔಷಧಿ, ಡಾಕ್ಟರು, ಟೆಸ್ಟು ಇನ್ಮೇಲೆ ನಿಮ್ಮದು. ನಾನು ನೆನಪೂ ಮಾಡಲ್ಲ' ಅಂತ ಹೇಳಿ. ತಮ್ಮ ತಾಯಿಯೇ ತಾನೇ, ಮಾಡುತ್ತಾರೆ. ಒಂದೆರಡು ಸಲ ತಡವಾಗಬಹುದು. ಆಗ ನೀವು ಮಧ್ಯೆ ಕೈ ಹಾಕಿ ವಾಪಸ್ ತೆಗೆದುಕೊಂಡರೆ ಕಥೆ ಮತ್ತೆ ಮೊದಲಿಗೇ ಬರುತ್ತದೆ. ಮಕ್ಕಳ ಡಬ್ಬಿ ತೊಳೆಯುವುದು, ತುಂಬುವುದು ಮಕ್ಕಳದೇ ಕೆಲಸವಾಗಲಿ. ಎಸ್ಸೆಸ್ಸೆಲ್ಸಿ ಅಂತ ಮಗಳಿಗೆ ಪೂರ್ತಿ ವಿನಾಯಿತಿ ಬೇಡ, ಹತ್ತು ನಿಮಿಷದ ಮನೆಕೆಲಸ ಅವಳ ತಲೆಗೂ ಒಳ್ಳೆಯದು.

ಕೂಗಾಡಿದ ಮೇಲೆ ಏನು ಮಾಡಬೇಕು? ರಾತ್ರಿಯೆಲ್ಲ ಕೊರಗುವುದು ಬೇಡ. ಅರ್ಧ ಗಂಟೆ ಬಿಟ್ಟು ಮಗಳ ಹತ್ತಿರ ಹೋಗಿ, 'ಆಗ ಕೂಗಿದ್ದು ತಪ್ಪಾಯ್ತು ಪುಟ್ಟಿ. ನಿನ್ನಿಂದಲ್ಲ, ನನಗೆ ಸುಸ್ತಾಗಿತ್ತು' ಅಂತ ಹೇಳಿ. ಅಷ್ಟೇ. 'ಆದ್ರೂ ನೀನೂ ಓದಬೇಕಿತ್ತು' ಅಂತ ಬಾಲ ಸೇರಿಸಬೇಡಿ. ಅಮ್ಮನ ಸಿಟ್ಟಿಗೆ ತಾನೇ ಕಾರಣ ಅಂತ ಮಕ್ಕಳು ಬೇಗ ಅಂದುಕೊಳ್ಳುತ್ತಾರೆ. ಪರೀಕ್ಷೆಯ ವರ್ಷದಲ್ಲಿ ಆ ಹುಡುಗಿಗೆ ಆ ಭಾರ ಬೇಡ.

ಮಾತ್ರೆ ಬೇಕಾ ಅಂತ ಕೇಳಿದ್ದೀರಿ. ಈಗಿನ ಸ್ಥಿತಿಗೆ ಬೇಡ ಅನ್ನಿಸುತ್ತದೆ. ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆಯನ್ನಂತೂ ಮುಟ್ಟಬೇಡಿ, ಅವು ಬೇಗ ರೂಢಿಯಾಗುತ್ತವೆ. ಆದರೆ ಎರಡು ವಾರಕ್ಕೂ ಮಿಕ್ಕಿ ದಿನವಿಡೀ ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನ್ನಿಸಿದರೆ, ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ ಸತ್ತೇ ಹೋಗುತ್ತೇನೆ ಅನ್ನುವಂಥ ಭಯ ಪದೇ ಪದೇ ಬಂದರೆ ಕಾಯಬೇಡಿ. ಆಗ ಇದು ದಿನನಿತ್ಯದ ಒತ್ತಡದ ಗಡಿ ದಾಟಿದೆ ಅಂತ ಅರ್ಥ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಸುಳಿದರೂ ಅದೇ ದಿನ ಯಾರಿಗಾದರೂ ಹೇಳಿ. ಎದೆ ಹಿಂಡಿದ ಹಾಗೆ ನೋವು ಬಂದು ತೋಳಿಗೋ ದವಡೆಗೋ ಹರಡಿದರೆ ಅದನ್ನು ಟೆನ್ಷನ್ನು, ಗ್ಯಾಸು ಅಂತ ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

14416 ಅನ್ನುವ ಸಂಖ್ಯೆಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೇರವಾಗಿ ಯಾರನ್ನಾದರೂ ಕಾಣಬೇಕು ಅನ್ನಿಸಿದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲೇ ಮನೋವೈದ್ಯರು ಸಿಗುತ್ತಾರೆ. ಇಡೀ ದೇಶದಲ್ಲಿ ನಡೆಯುತ್ತಿರುವ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ಅಲ್ಲಿಗೆ ಹೋದರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಇದ್ದೇ ಇರುತ್ತದೆ, ಗೊತ್ತು. ಮೊದಲ ಸಲ ಜೊತೆಗೆ ಗಂಡನನ್ನು ಕರೆದುಕೊಂಡು ಹೋಗಿ. ರಕ್ತ ಪರೀಕ್ಷೆಯ ರಿಪೋರ್ಟು, ಚಿಂತೆ ಬರೆದ ನೋಟ್‌ಬುಕ್ಕು, ಎಷ್ಟು ಗಂಟೆಗೆ ಮಲಗಿ ಎಷ್ಟಕ್ಕೆ ಎದ್ದಿರಿ ಅನ್ನುವ ಒಂದು ವಾರದ ಲೆಕ್ಕ, ಇಷ್ಟು ಕೈಯಲ್ಲಿರಲಿ. ಹತ್ತು ನಿಮಿಷದಲ್ಲಿ ಬಾಯಲ್ಲಿ ಹೇಳಲು ಆಗದ್ದನ್ನು ಡಾಕ್ಟರು ಅದರಲ್ಲೇ ಓದಿಕೊಳ್ಳುತ್ತಾರೆ.